ಇದ್ದಿಲು ಮೋಟಾರಿನ ಬೆನ್ನ ಹಿಂದೆ

ನಾನು ಮೋಟಾರು ಓಡಿಸಲು ಕಲಿತ ಗಾಡಿಗೆ ಗೋಡೆಗಳೇ ಇರಲಿಲ್ಲ. ತಲೆಯ ಮೇಲೆ ಒಂದು ತಾಡಪತ್ರಿ, ಅದನ್ನು ಎತ್ತಿ ಹಿಡಿದ ನಾಲ್ಕು ಕಂಬ, ಸುತ್ತಲೂ ಗಾಳಿ. ಹಿಂದೆ ಯಾರಿದ್ದಾರೆಂದು ತಿಳಿಯಲು ಕತ್ತು ತಿರುಗಿಸಿದರೆ ಸಾಕಾಗುತ್ತಿತ್ತು. ಹಾನಗಲ್ಲಿನ ಮೋಟಾರ್ ಸ್ಟ್ಯಾಂಡಿನಲ್ಲಿ ನನ್ನ ಸೀಟಿನ ಮೇಲೆ ಕುಳಿತೇ ಹಿಂದಿನ ಚಹದಂಗಡಿಯಲ್ಲಿ ಹಾಲು ಉಕ್ಕುವುದನ್ನು ಕಂಡು ಅಂಗಡಿಯವನನ್ನು ಕೂಗಿ ಎಚ್ಚರಿಸಿದ್ದೂ ಉಂಟು. ಆಮೇಲೆ ಗಾಡಿಯ ಮಾಲಕರಾದ ಸಾವಕಾರರು ಕಟ್ಟಿಗೆಯ ಬಾಡಿ ಇದ್ದ ದೊಡ್ಡ ಗಾಡಿ ತಂದರು. ಅದಕ್ಕೂ ಹಿಂದುಗಡೆ ಅಗಲವಾದ ಗಾಜಿನ ಕಿಟಕಿ ಇತ್ತು. ಹಾನಗಲ್ಲಿನಿಂದ ಬಂಕಾಪುರದ ಮೇಲೆ ಶಿಗ್ಗಾಂವಿಗೆ, ಅಲ್ಲಿಂದ ಸವಣೂರಿಗೆ ಹೋಗಿ ಹೊತ್ತು ಮುಳುಗುವುದರೊಳಗೆ ತಿರುಗಿ ಬರುವುದು ನಮ್ಮ ದಾರಿ. ನನಗಾಗ ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ನನ್ನಷ್ಟು ಚಂದ ಗಾಡಿ ಹಿಂದಕ್ಕೆ ತೆಗೆಯುವವರು ಈ ನಾಲ್ಕು ತಾಲೂಕಿನಲ್ಲಿ ಇಲ್ಲವೆಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲು ಸಿಗುವುದು ನಿಂತಂತೆಯೇ ಆಯಿತು. ಸಾವಕಾರರು ಗಾಡಿಯನ್ನು ಹುಬ್ಬಳ್ಳಿಗೆ ಒಯ್ದು ಹದಿನೈದು ದಿನದ ಮೇಲೆ ಮರಳಿ ತಂದಾಗ ನಾನು ಮೊದಲು ಗುರುತೇ ಹಿಡಿಯಲಿಲ್ಲ. ಹಿಂಭಾಗದಲ್ಲಿ, ಬಾಡಿಯ ಹೊರಗೆ, ಆಳೆತ್ತರದ ಕಬ್ಬಿಣದ ಉರುಳೆಯೊಂದನ್ನು ನಿಲ್ಲಿಸಿದ್ದರು. ಅದರೊಳಗೆ ಇದ್ದಿಲು ತುಂಬಿ, ಕೆಳಗೆ ಬೆಂಕಿ ಹಾಕಿ, ಕೈಚಕ್ರ ತಿರುವಿ ಗಾಳಿ ಊದಿದರೆ ಗ್ಯಾಸು ಹುಟ್ಟಿ ಇಂಜಿನ್ನಿಗೆ ಹೋಗುತ್ತಿತ್ತು. ಉರುಳೆಯ ಪಕ್ಕದಲ್ಲಿ ಇದ್ದಿಲು ಚೀಲಗಳ ಸಾಲು. ಇವೆರಡೂ ಸೇರಿ ಹಿಂದಿನ ಕಿಟಕಿಯನ್ನು ಮುಚ್ಚಿಬಿಟ್ಟಿದ್ದವು. ಎಡ ಮೂಲೆಯಲ್ಲಿ ಒಂದು ಗೇಣು ಗಾಜು ಮಾತ್ರ ಉಳಿದಿತ್ತು. ನನ್ನ ಸೀಟಿನಿಂದ ನೋಡಿದರೆ ಅದು ಬಾಗಿಲ ಸಂದಿನ ಬೆಳಕಿನಷ್ಟೇ ಕಾಣುತ್ತಿತ್ತು.

"ಸಾವಕಾರ್ರ, ಹಿಂದಿಂದು ಏನೂ ಕಾಣಂಗಿಲ್ಲಲ್ರಿ," ಎಂದೆ.

ಸಾವಕಾರರು ಒಳ್ಳೆಯ ಮನುಷ್ಯರು, ಆದರೆ ಗಾಡಿ ಓಡಿಸಿದವರಲ್ಲ. "ನೀ ಮುಂದ ಹೋಗಾಂವ. ಹಿಂದಿಂದು ತಗೊಂಡು ಏನ ಮಾಡ್ತಿ?" ಎಂದರು.

ಹಿಂದಿನದನ್ನು ನೋಡುವ ಕೆಲಸ ಹೀಗೆ ಕಂಡಕ್ಟರರ ಪಾಲಿಗೆ ಬಂತು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಕಾಕಾ ಎಂದು ಕರೆಯುತ್ತಿದ್ದೆ. ಸವಣೂರಿನ ವೀಳ್ಯದೆಲೆ ಬಾಯಲ್ಲಿಲ್ಲದ ಹೊತ್ತಿನಲ್ಲಿ ಅವರನ್ನು ಕಂಡವರು ಕಡಿಮೆ. ಗಾಡಿ ಹಿಂದಕ್ಕೆ ತೆಗೆಯುವಾಗ ಅವರು ಪಕ್ಕದಲ್ಲಿ ನಿಂತು, ತುಂಬಿದ ಬಾಯಿಂದಲೇ "ಬರ್ಲಿ, ಬರ್ಲಿ" ಎನ್ನುತ್ತಿದ್ದರು. ಬರ್ಲಿ ಎನ್ನಲು ಬಾಯಿ ಹೆಚ್ಚು ತೆರೆಯಬೇಕಿಲ್ಲ. ನಿಲ್ಲಿಸು ಎಂದು ಗಟ್ಟಿಯಾಗಿ ಕೂಗಬೇಕಾದರೆ ಮಾತ್ರ ಮೊದಲು ಎಲೆಯನ್ನು ಉಗುಳಬೇಕು. ಉಗುಳಬೇಕಾದರೆ ಯಾರ ಮೈಮೇಲೂ ಬೀಳದಂತೆ ಜಾಗ ನೋಡಬೇಕು. ಅವರು ಸಭ್ಯಸ್ಥರು, ಜಾಗ ನೋಡುತ್ತಿದ್ದರು. ಹೀಗೆ ನೋಡುತ್ತಿದ್ದಾಗಲೇ ಮೂರನೆಯ ದಿನ ಶಿಗ್ಗಾಂವದಲ್ಲಿ ನನ್ನ ಗಾಡಿ ಚಹದಂಗಡಿಯ ಚಪ್ಪರದ ಕಂಬಕ್ಕೆ ಹೋಗಿ ಬಡಿಯಿತು. ಚಪ್ಪರ ಸಾವಕಾಶವಾಗಿ, ಯಾರಿಗೂ ಪೆಟ್ಟಾಗದಂತೆ ಕೆಳಗಿಳಿದು ಗಿರಾಕಿಗಳ ತಲೆಯ ಮೇಲೆ ಕುಳಿತಿತು. ನಾನು ಓಡಿ ಹೋಗಿ ತೆಂಗಿನ ಗರಿ ಎತ್ತಿ ನೋಡಿದರೆ ಒಳಗೆ ಒಬ್ಬರು ಮುದುಕರು ಬಶಿಯಲ್ಲಿ ಉಳಿದ ಚಹ ಕುಡಿಯುತ್ತಿದ್ದರು.

"ಮುಗೀತೇನ್ ನಿಂದು?" ಎಂದು ಅವರು ಶಾಂತವಾಗಿ ಕೇಳಿದರು.

ಮಾರನೆಯ ದಿನವೇ ನಾನು ಹಾನಗಲ್ಲಿನ ಒಬ್ಬ ಕ್ಷೌರಿಕನನ್ನು ಕಾಡಿ ಬೇಡಿ ಅಂಗೈಯಷ್ಟು ಕನ್ನಡಿ ತಂದು ಎಡ ಮಡ್‌ಗಾರ್ಡಿನ ಮೇಲೆ ತಂತಿಯಿಂದ ಕಟ್ಟಿದೆ. ಬಲಕ್ಕೆ ಕಂಪನಿಯವರು ಕೊಟ್ಟ ಕನ್ನಡಿ ಒಂದಿತ್ತು. ಎರಡು ಕನ್ನಡಿ ಆದವು ಎಂದು ಸಮಾಧಾನಪಟ್ಟೆ. ಆದರೆ ಆಗಿನ ರಸ್ತೆಗಳ ಮೇಲೆ ಕನ್ನಡಿ ಒಂದು ಮೈಲಿಯೂ ನಿಂತ ಹಾಗೆ ನಿಲ್ಲುತ್ತಿರಲಿಲ್ಲ. ಬಂಕಾಪುರ ಮುಟ್ಟುವ ಹೊತ್ತಿಗೆ ಎರಡೂ ನನಗೆ ಆಕಾಶವನ್ನೂ ಹದ್ದುಗಳನ್ನೂ ತೋರಿಸುತ್ತಿದ್ದವು. ಸ್ಟ್ಯಾಂಡಿನಲ್ಲಿ ನಿಂತಾಗ ಇನ್ನೊಂದು ತ್ರಾಸು. ರುಮಾಲು ಸುತ್ತಿಕೊಳ್ಳುವವರು, ಮೀಸೆ ನೋಡಿಕೊಳ್ಳುವವರು, ಗಂಡನ ಊರಿಗೆ ಹೊರಟ ಹೊಸ ಮದುವಣಗಿತ್ತಿಯರು, ಎಲ್ಲರೂ ಎಡಗಡೆಯ ಕನ್ನಡಿಯನ್ನು ತಮ್ಮ ತಮ್ಮ ಎತ್ತರಕ್ಕೆ ತಿರುವಿಕೊಂಡು ಮುಖ ನೋಡಿ ಹೋಗುವರು. ನಾನು ಹೊರಡುವ ಮೊದಲು ಅದನ್ನು ಸರಿಪಡಿಸಿದರೆ, "ಇರ್ಲಿ ತಡೀರಿ, ಇನ್ನ ಕುಂಕುಮ ಆಗಿಲ್ಲ" ಎಂಬ ಮಾತು ಕೇಳಬೇಕಾಗುತ್ತಿತ್ತು.

ಕನ್ನಡಿಯಿಂದ ಏನೂ ಆಗದೆಂದು ನನಗೆ ಖಾತ್ರಿಯಾದದ್ದು ಮಿಲಿಟರಿ ಲಾರಿಗಳ ದಿನ.

ಬಂಕಾಪುರ ದಾಟಿ ಪುಣೆ–ಬೆಂಗಳೂರು ರಸ್ತೆಯ ಮೇಲೆ ಶಿಗ್ಗಾಂವದ ಕಡೆ ಹೊರಟಿದ್ದೆ. ಇದ್ದಿಲು ಗ್ಯಾಸಿನ ಗಾಡಿಗೆ ಏರು ಬಂದರೆ ಜನ ಇಳಿದು ನಡೆಯಬೇಕಾಗುವಷ್ಟೇ ದಮ್ಮು. ಅವತ್ತು ಒಳಗೆ ಮೂವತ್ತು ಜನ, ಆರು ಆಡು, ಅವುಗಳ ಕೂಗು. ರಸ್ತೆಯ ನಟ್ಟ ನಡುವೆ, ಕುಣಿ ತಪ್ಪಿಸುತ್ತ, ಆರಾಮಾಗಿ ಹೋಗುತ್ತಿದ್ದೆ. ಒಮ್ಮೆಲೆ ಬಲಗಡೆಯ ಮಣ್ಣಿನ ಅಂಚಿನಿಂದ ಒಂದು ಜೀಪು ಧೂಳೆಬ್ಬಿಸಿಕೊಂಡು ಮುಂದೆ ನುಗ್ಗಿ ಅಡ್ಡ ನಿಂತಿತು. ನಾನು ಬ್ರೇಕ್ ತುಳಿದೆ. ಜೀಪಿನಿಂದ ಇಳಿದ ಸಿಪಾಯಿ ಹಿಂದುಸ್ತಾನಿಯಲ್ಲಿ ಬೈಯುತ್ತ ನನ್ನ ಬಾಗಿಲಿಗೆ ಬಂದ. ಸವಣೂರಿಗೆ ದಿನಾ ಹೋಗುವವನಾದ್ದರಿಂದ ನನಗೆ ಆ ಮಾತು ಚೆನ್ನಾಗಿಯೇ ತಿಳಿಯುತ್ತಿತ್ತು, ತಿಳಿಯದಿದ್ದರೆ ಒಳ್ಳೆಯದಿತ್ತು. ಎರಡು ಮೈಲಿಯಿಂದ ಹಾರ್ನು ಹೊಡೆಯುತ್ತಿದ್ದೇವೆ, ನನ್ನ ಹಿಂದೆ ಇಪ್ಪತ್ತು ಲಾರಿ ಆಮೆಯ ಹಾಗೆ ಬರುತ್ತಿವೆ, ನಾನು ಕುರುಡನೋ ಕಿವುಡನೋ ಎಂದು ಅವನ ಪ್ರಶ್ನೆ.

ನಾನು ಇಳಿದು ಕೈ ಮುಗಿದು ಅವನನ್ನು ಗಾಡಿಯ ಹಿಂದಕ್ಕೆ ಕರೆದುಕೊಂಡು ಹೋದೆ. ಅವನು ಉರುಳೆಯನ್ನು ನೋಡಿದ, ಚೀಲಗಳನ್ನು ನೋಡಿದ, ಮೂಲೆಯ ಗೇಣು ಗಾಜನ್ನೂ ನೋಡಿದ. ಅವನ ದನಿ ಇಳಿಯಿತು. ಬೆನ್ನಿಗೆ ಒಲೆ ಕಟ್ಟಿಕೊಂಡು ಹೊರಟಿದ್ದೀಯ, ನಿನ್ನ ಕಣ್ಣು ಯಾರ ಕೈಗಾದರೂ ಕೊಟ್ಟಿರು ಎಂದು ಹೇಳಿ ಹೊರಟುಹೋದ. ಇಪ್ಪತ್ತು ಲಾರಿಯೂ ನನ್ನನ್ನು ದಾಟಿ ಹೋಗುವ ತನಕ ನಾನು ರಸ್ತೆಯ ಬದಿಗೆ ನಿಂತೇ ಇದ್ದೆ. ಪ್ರತಿ ಲಾರಿಯ ಸಿಪಾಯಿಯೂ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿ ಹೋದ.

ತಿರುಗಿ ಗಾಡಿ ಹತ್ತಿದಾಗ ಹಿಂದಿನ ಸೀಟಿನಿಂದ ಒಂದು ದನಿ ಬಂತು. "ಇಪ್ಪತ್ತಲ್ಲ ತಮ್ಮಾ, ಇಪ್ಪತ್ಮೂರು."

ಎಲೆ ಮಾರುವ ಅವ್ವ. ಸವಣೂರಿನ ಎಲೆತೋಟಗಳಿಂದ ವೀಳ್ಯದೆಲೆ ತಂದು ಶಿಗ್ಗಾಂವ, ಬಂಕಾಪುರ, ಹಾನಗಲ್ಲಿನ ಅಂಗಡಿಗಳಿಗೆ ಹಾಕುವ ಹೆಂಗಸು, ಐವತ್ತರ ಮೇಲಿನ ವಯಸ್ಸು. ಸಂಜೆ ನನ್ನ ಗಾಡಿಯಲ್ಲಿ ಎಲೆಯ ಬುಟ್ಟಿಗಳೊಂದಿಗೆ ಹಾನಗಲ್ಲಿಗೆ ಬಂದು, ಅಲ್ಲಿ ತಂಗಿಯ ಮನೆಯಲ್ಲಿ ಉಳಿದು, ಬೆಳಿಗ್ಗೆ ಅದೇ ಗಾಡಿಗೆ ಮರಳುವಳು. ಎಲೆಗೆ ಸೆಕೆ ಆಗಬಾರದೆಂದು ಯಾವಾಗಲೂ ಹಿಂದಿನ ಸೀಟಿನ ಎಡ ಮೂಲೆ ಹಿಡಿಯುತ್ತಿದ್ದಳು. ಉರುಳೆ ಬಂದ ಮೇಲೂ ಆ ಜಾಗ ಬಿಟ್ಟಿರಲಿಲ್ಲ. ಉರುಳೆ ಇದ್ದದ್ದು ಬಲಕ್ಕೆ, ನಡುವೆ ಚೀಲಗಳಿದ್ದವು, ಅವಳ ಬದಿಗೆ ಆ ಗೇಣು ಗಾಜು.

"ನಿನಗ ಕಾಣಾಕತ್ತಿತ್ತೇನು?" ಎಂದೆ.

"ಕಾಣದ ಏನು? ಎರಡು ಮೈಲಿಯಿಂದ ನೋಡಾಕತ್ತೇನಿ. ಮುಂದಿನ ಲಾರಿ ಡ್ರೈವರಗ ಸಣ್ಣ ಮೀಸಿ ಐತಿ."

"ಮತ್ತ ಹೇಳಬಾರದೇನ ಯವ್ವಾ?"

"ಯಾರ ಕೇಳಿದ್ರಪಾ ನನ್ನ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಯಾರೂ ಕೇಳಿರಲಿಲ್ಲ.

ಅವತ್ತಿನಿಂದ ನಾನು ಕೇಳತೊಡಗಿದೆ. ಅವಳ ದನಿ ಸಂತೆಯಲ್ಲಿ ಪಳಗಿದ್ದು. ಮೂವತ್ತು ಜನ, ಆರು ಆಡು, ಇಂಜಿನ್ನಿನ ಗುರುಗುರು ಎಲ್ಲವನ್ನೂ ದಾಟಿ ನನ್ನ ಕಿವಿಗೆ ಬರುತ್ತಿತ್ತು. ಬೆನ್ನು ನನ್ನ ಕಡೆ ಮಾಡಿ, ಸೀಟಿನ ಮೇಲೆ ಮೊಣಕಾಲು ಮಡಚಿ ಕುಳಿತು ಗಾಜಿಗೆ ಮುಖವಿಟ್ಟು ಹೇಳುವಳು. "ಹಿಂದ ಒಂದು ಮೋಟಾರ್ ಐತಿ, ದೂರ ಐತಿ." "ಹತ್ರ ಬಂತು, ಸರೀ." "ಹೋತು." ಎಷ್ಟು ಸುಲಭವಾಗಿತ್ತೆಂದರೆ, ಇದು ಮೊದಲೇ ಯಾಕೆ ಹೊಳೆಯಲಿಲ್ಲ ಎಂದು ನನಗೆ ನಾಚಿಕೆಯಾಯಿತು.

ಒಂದು ವಾರ ಹೀಗೆ ನಡೆಯಿತು. ಎಂಟನೆಯ ದಿನ ಹಾನಗಲ್ಲಿನ ಸಮೀಪ, ಎರಡೂ ಕಡೆ ನೀರು ನಿಂತ ಭತ್ತದ ಗದ್ದೆ ಇದ್ದ ಇಕ್ಕಟ್ಟಿನ ರಸ್ತೆಯಲ್ಲಿ, ಎದುರಿಗೆ ಹುಲ್ಲಿನ ಹೇರು ಹೊತ್ತ ಚಕ್ಕಡಿ ಬಂತು. ಚಕ್ಕಡಿ ಹಿಂದಕ್ಕೆ ಹೋಗುವ ಹಾಗಿರಲಿಲ್ಲ, ನಾನೇ ಹೋಗಬೇಕಿತ್ತು. ಕಾಕಾ ಎಲೆ ಹಾಕಿಕೊಂಡಿದ್ದರು, ಅವರನ್ನು ಇಳಿಸಲಿಲ್ಲ. ನನಗೆ ಈಗ ಅವ್ವ ಇದ್ದಳು.

"ಬಲಕ್ಕ ಜಾಗ ಐತಿ, ಬಲಕ್ಕ ಬಾ," ಎಂದಳು.

ಬಲಕ್ಕೆ ತಿರುಗಿಸಿದೆ.

"ಬಲಕ್ಕ ಅಂದ್ನೆಪಾ."

ಇನ್ನೂ ಬಲಕ್ಕೆ ತಿರುಗಿಸಿದೆ. ಹಿಂದಿನ ಗಾಲಿ ರಸ್ತೆಯ ಅಂಚು ಬಿಟ್ಟು ಗದ್ದೆಗೆ ಇಳಿಯಿತು. ಗಾಡಿ ಒಂದು ಬದಿಗೆ ವಾಲಿ, ಕೆಸರಿನಲ್ಲಿ ಕುಳಿತ ಎಮ್ಮೆಯ ಹಾಗೆ ಸುಮ್ಮನಾಯಿತು. ಒಳಗಿನವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಆಮೇಲೆ ಒಬ್ಬೊಬ್ಬರಾಗಿ ಎತ್ತರದ ಕಡೆಯಿಂದ ಇಳಿದರು. ಅವ್ವ ಎಲೆಯ ಬುಟ್ಟಿಯನ್ನು ಎದೆಗವಚಿಕೊಂಡೇ ಇಳಿದಳು.

"ಬಲಕ್ಕ ಅಂದ್ರ ಎಡಕ್ಕ ಯಾಕ ಬಂದಿ?" ಎಂದು ಕೇಳಿದಳು.

"ನಾ ಬಲಕ್ಕ ಬಂದೇನಿ, ಯವ್ವಾ."

"ನಾ ಉಣ್ಣೋ ಕೈ ಕಡೆ ಅಂದೆ," ಎಂದು ಅವಳು ತನ್ನ ಬಲಗೈ ಎತ್ತಿ ತೋರಿಸಿದಳು. ನಾನೂ ನನ್ನ ಬಲಗೈ ಎತ್ತಿದೆ. ರಸ್ತೆಯ ನಡುವೆ ಇಬ್ಬರೂ ಎದುರುಬದುರು ಕೈಯೆತ್ತಿ ನಿಂತಾಗ ನನಗೆ ಗೊತ್ತಾಯಿತು. ಅವಳು ಕುಳಿತದ್ದು ಹಿಂದಕ್ಕೆ ಮುಖ ಮಾಡಿ. ಅವಳ ಉಣ್ಣುವ ಕೈ ನನ್ನ ಎಡಗೈ. ಹುಲ್ಲಿನ ಚಕ್ಕಡಿಯವನು ನಮ್ಮಿಬ್ಬರನ್ನೂ ನೋಡಿ ನಕ್ಕು, ಎತ್ತುಗಳನ್ನು ನೊಗದಿಂದ ಬಿಚ್ಚಿದ. ಅವನ ಎತ್ತುಗಳಿಂದಲೇ ನನ್ನ ಗಾಡಿ ಎಳೆಸಬೇಕಾಯಿತು.

ಹಗ್ಗ ಕಟ್ಟುವಾಗ ಅವನು, "ಎಡದೆತ್ತು ಜರಾ ಮೊಂಡ, ಬಲದೆತ್ತು ಎಳೀತೈತಿ," ಎಂದ. ಅವ್ವ ಬುಟ್ಟಿ ಕೆಳಗಿಟ್ಟು ಎತ್ತುಗಳ ಎದುರಿಗೆ ಬಂದು ನಿಂತು ಸ್ವಲ್ಪ ಹೊತ್ತು ನೋಡಿದಳು.

"ಅಣ್ಣಾ, ನಾ ಈಗ ಇವುಗಳ ಮುಂದ ನಿಂತೇನಿ. ಇದರಾಗ ಎಡದೆತ್ತು ಯಾವುದು?"

"ಅದ ಮತ್ತ, ಕೆಂದು."

"ನಾ ಹಿಂದ ಹೋಗಿ ನಿಂತ್ರ?"

"ಅವಾಗೂ ಅದ. ನೀ ಎಲ್ಲಿ ನಿಂತ್ರೇನು, ಎತ್ತು ಬದಲಾಗ್ತೈತೇನು?"

ಅವ್ವ ನನ್ನ ಕಡೆ ತಿರುಗಿ, "ಕೇಳಿದೇನು ತಮ್ಮಾ," ಎಂದಳು.

ನಮ್ಮ ತಕರಾರು ಅಲ್ಲಿಗೆ ಮುಗಿಯಿತು. ಮುಂದೆ ಅವಳು ಎಡ ಬಲ ಎಂದು ಒಮ್ಮೆಯೂ ಹೇಳಲಿಲ್ಲ. ಗಾಡಿಗೆ ಎರಡು ಎತ್ತು ಕಟ್ಟಿದ ಹಾಗೆ ಮನಸ್ಸಿನಲ್ಲಿ ಇಟ್ಟುಕೊಂಡೆವು. "ಬಲದೆತ್ತಿನ ಕಡೆ ಒಂದು ಸೈಕಲ್ ಐತಿ," "ಎಡದೆತ್ತಿನ ಕಡೆ ಜಾಗ ಐತಿ, ಬಾ," ಎಂಬ ಕೂಗು ಕೇಳಿ ಹೊಸ ಪ್ರಯಾಣಿಕರು ಕಿಟಕಿಯಿಂದ ಬಗ್ಗಿ ಎತ್ತುಗಳನ್ನು ಹುಡುಕುವರು. ಇದ್ದಿಲ ಗಾಡಿಯಲ್ಲವೇ, ಎತ್ತೂ ಇದ್ದರೆ ಇರಬಹುದು ಎಂದುಕೊಳ್ಳುತ್ತಿದ್ದರೋ ಏನೋ.

ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರರು ನನ್ನನ್ನು ಚೇಷ್ಟೆ ಮಾಡುತ್ತಿದ್ದರು. ನನ್ನ ಲೈಸನ್ಸು ಎಲೆಬುಟ್ಟಿಯಲ್ಲಿದೆ ಎನ್ನುವರು. ಮೊದಮೊದಲು ಚುಚ್ಚುತ್ತಿತ್ತು. ಆದರೆ ಅವ್ವ ಹೇಳತೊಡಗಿದ ಇನ್ನೊಂದು ಸಂಗತಿಯಿಂದ ನನಗೆ ಚೇಷ್ಟೆಯ ಕಡೆ ಗಮನವೇ ಹೋಗದಾಯಿತು.

ಒಂದು ಸಂಜೆ ಶಿಗ್ಗಾಂವ ಬಿಟ್ಟು ಕಾಲು ಮೈಲಿ ಬಂದಿರಬಹುದು. "ತಮ್ಮಾ, ನಿಂದ್ರಸು," ಎಂದಳು. "ಒಬ್ಬಾಕಿ ಕೂಸು ಎತ್ಕೊಂಡು ಓಡಿ ಬರಾಕತ್ತಾಳ."

ನಿಲ್ಲಿಸಿದೆ. ಬಂದವಳಿಗೆ ಮಾತಾಡಲೂ ಉಸಿರಿರಲಿಲ್ಲ. ದುಂಡಸಿಯಿಂದ ಶಿಗ್ಗಾಂವಿಗೆ ನಡೆದು ಬಂದು, ಸ್ಟ್ಯಾಂಡು ಮುಟ್ಟುವಾಗ ಗಾಡಿ ಹೊರಟಿದ್ದು ಕಂಡು ಓಡಿದ್ದಳು. ಬಂಕಾಪುರದಲ್ಲಿ ತವರು, ಮಗುವಿಗೆ ಮೈಯಲ್ಲಿ ಹುಷಾರಿರಲಿಲ್ಲ. ಕಾಕಾ ಸರಿದು ತಮ್ಮ ಜಾಗ ಬಿಟ್ಟುಕೊಟ್ಟರು. ಹತ್ತಿ ಕುಳಿತ ಮೇಲೆ ಅವಳು ನನಗೆ, "ಹೋದ ಸಲ ಕೂಗಿದ್ನಿರಿ, ನೀವು ನಿಲ್ಲಿಸಲಿಲ್ಲ," ಎಂದಳು.

ಹೋದ ಸಲ ಎಂದರೆ ಯಾವಾಗ, ನನಗೆ ಗೊತ್ತೇ ಇಲ್ಲ. ಅವಳ ಕೂಗು ನನಗೆ ಕೇಳಿರಲಿಲ್ಲ, ಅವಳು ನನಗೆ ಕಂಡಿರಲಿಲ್ಲ. ಆಮೇಲೆ ದಿನಾ ಒಬ್ಬರೋ ಇಬ್ಬರೋ ಹೀಗೆ ಸಿಗತೊಡಗಿದರು. ಗಂಟು ಹೊತ್ತ ಮುದುಕಿ, ಹೆಗಲ ಮೇಲೆ ನೇಗಿಲ ಕುಳ ಇಟ್ಟುಕೊಂಡ ಬಡಿಗ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ಓಡುವ ಶಾಲಾ ಮಾಸ್ತರರು. ಇಷ್ಟು ತಿಂಗಳು ನಾನು ಧೂಳು ಎಬ್ಬಿಸುತ್ತ ಹೋದಾಗ ಆ ಧೂಳಿನಲ್ಲಿ ಇವರೆಲ್ಲ ಕೈಯೆತ್ತಿ ಓಡಿ ನಿಂತಿರಬೇಕು. ಸಾವಕಾರರು ಹಿಂದಿನದು ತೆಗೆದುಕೊಂಡು ಏನು ಮಾಡುತ್ತೀ ಎಂದಿದ್ದರು. ಅವರಿಗೆ ಈಗ ಇದನ್ನು ಹೇಳಿದೆ. ಅವರು ಎಲೆ ಅವ್ವನ ಟಿಕೀಟು ಇನ್ನು ಮೇಲೆ ಹರಿಯಬೇಡವೆಂದು ಕಾಕಾಗೆ ಹೇಳಿ ಕಳಿಸಿದರು. ಅವಳು ಅದನ್ನು ಕೇಳಿ ಸಂತೋಷಪಟ್ಟಳೋ ಇಲ್ಲವೋ ಗೊತ್ತಿಲ್ಲ. ಮರುದಿನ ಸಾವಕಾರರ ಮನೆಗೆ ಒಂದು ಕಟ್ಟು ಚಿಗುರೆಲೆ ಮುಟ್ಟಿತ್ತು.

ಆ ಚಳಿಗಾಲದಲ್ಲಿ ತಂಗಿಗೆ ಜ್ವರ ಬಂದದ್ದರಿಂದ ಅವ್ವ ಹದಿನೈದು ದಿನ ಹಾನಗಲ್ಲಿನಲ್ಲೇ ಉಳಿದಳು. ಅವಳು ಬಾರದ ಮೊದಲ ದಿನವೇ, ಹಿರೇಕೆರೂರಿನ ಗಾಡಿಯ ಡ್ರೈವರ್ ರಜೆಯ ಮೇಲೆ ಹೋದ ಕಾರಣ, ಸಾವಕಾರರು ನನ್ನನ್ನು ಆ ಕಡೆ ಸಂತೆಗೆ ಕಳಿಸಿದರು. ಗಾಡಿ ನನ್ನದೇ, ಕಾಕಾ ಕೂಡ ಬಂದಿದ್ದರು.

ಹಿರೇಕೆರೂರಿನಲ್ಲಿ ಬೆಳಗಿನ ಬಿಸಿಲು ಇನ್ನೂ ಏರಿರಲಿಲ್ಲ. ಜನ ಇಳಿದರು, ಹೊಸಬರು ಹತ್ತಿದರು. ಗಾಡಿ ತಿರುಗಿಸಲು ಹಿಂದಕ್ಕೆ ಹೋಗಬೇಕಿತ್ತು. ಗೇರು ಹಾಕಿದೆ. ಪಕ್ಕದಲ್ಲಿ ನಿಂತು ಕಾಕಾ "ಬರ್ಲಿ" ಎಂದರು. ನನ್ನ ಎಡಗಾಲು ಕ್ಲಚ್ಚಿನ ಮೇಲಿತ್ತು. ಬಿಡಲು ಹೋದೆ, ಬಿಡಲಾಗಲಿಲ್ಲ. ಹಿಂದಿನ ಸೀಟಿನಿಂದ "ಯಾರೂ ಇಲ್ಲ, ಬಾ" ಎಂಬ ಮಾತು ಬಂದ ಮೇಲೆಯೇ ಕಾಲು ಎತ್ತುವುದು ಅಷ್ಟು ರೂಢಿಯಾಗಿಬಿಟ್ಟಿತ್ತು. ಆ ಮಾತು ಬರಲಿಲ್ಲ. ಕಾಕಾ ಮತ್ತೆ "ಬರ್ಲಿ, ಬರ್ಲಿ" ಎಂದರು. ನನ್ನ ಮೇಲೆ ನನಗೇ ಸಿಟ್ಟು ಬಂತು. ಒಬ್ಬ ಹೆಂಗಸಿನ ದನಿ ಇಲ್ಲದೆ ಗಾಡಿ ತಿರುಗಿಸಲಾಗದಷ್ಟು ಕೆಟ್ಟುಹೋದೆನೇ ಎಂದುಕೊಳ್ಳುತ್ತ, ಗೇರು ತೆಗೆದು, ಇಳಿದು ಹಿಂದಕ್ಕೆ ನಡೆದೆ.

ಉರುಳೆಯ ಬುಡದಲ್ಲಿ, ಹಿಂದಿನ ಗಾಲಿಯಿಂದ ಒಂದು ಮೊಳದಲ್ಲಿ, ಇದ್ದಿಲ ಚೀಲವೊಂದು ಕೆಳಗೆ ಬಿದ್ದಿದೆ ಎಂದುಕೊಂಡೆ. ಎತ್ತಿಡಲು ಬಗ್ಗಿದೆ. ಚೀಲ ಗೊರಕೆ ಹೊಡೆಯುತ್ತಿತ್ತು.

ಕರಿ ಕಂಬಳಿ ತಲೆತುಂಬ ಹೊದ್ದ ಒಬ್ಬ ಕುರುಬ ಅಜ್ಜ. ಚಳಿಗೆ ಉರುಳೆಯ ಬೆಚ್ಚನೆಯ ಬದಿ ನೋಡಿ ಬಂದು ಮಲಗಿದ್ದ. ಕಾಕಾ ನಿಂತ ಜಾಗದಿಂದ ಅವನು ಕಾಣುವ ಹಾಗಿರಲಿಲ್ಲ.

ಅಲ್ಲಿಯೇ ಅಜ್ಜನ ಪಕ್ಕದಲ್ಲಿ ನೆಲದ ಮೇಲೆ ಕುಳಿತೆ. ಗಾಲಿಯಿಂದ ಅವನ ಕಂಬಳಿಯ ತನಕ ಕೈ ಚಾಚಿ ಅಳೆದೆ. ಕಾಕಾ ಬಂದು ನೋಡಿದರು. ಬಾಯಲ್ಲಿದ್ದ ಎಲೆಯನ್ನು, ಜಾಗ ಕೂಡ ನೋಡದೆ, ಅಲ್ಲೇ ಉಗುಳಿದರು.

ಅಜ್ಜನಿಗೆ ಎಚ್ಚರವಾಯಿತು. ಕಂಬಳಿ ಸರಿಸಿ ನನ್ನನ್ನು ನೋಡಿದ. "ಗಾಡಿ ಹೊಂಟತೇನಪಾ?"

"ಇಲ್ಲಜ್ಜ, ಇನ್ನೂ ಟೈಮ್ ಐತಿ. ಎಲ್ಲಿಗೆ ಹೋಗಬೇಕು?"

"ಎಲ್ಲಿಗೂ ಇಲ್ಲ. ರಟ್ಟೀಹಳ್ಳಿಯಿಂದ ಸಂತಿಗೆ ಬಂದೇನಿ. ಇಲ್ಲಿ ಬೆಚ್ಚಗ ಐತಿ ಅಂತ," ಎಂದು ಹೇಳಿ ಮತ್ತೆ ಕಂಬಳಿ ಎಳೆದುಕೊಳ್ಳಲು ಹೋದ. ನಾವಿಬ್ಬರೂ ಅವನನ್ನು ಎಬ್ಬಿಸಿ, ಕೈ ಹಿಡಿದು ಕರೆದೊಯ್ದು ಚಹದಂಗಡಿಯ ಒಲೆಯ ಹತ್ತಿರ ಕೂಡಿಸಿ, ಚಹ ಕುಡಿಸಿ ಬಂದೆವು. ಇಷ್ಟು ಉಪಚಾರ ಯಾತಕ್ಕೆಂದು ಅವನಿಗೆ ತಿಳಿಯಲಿಲ್ಲ, ನಾವೂ ಹೇಳಲಿಲ್ಲ. ಹಾನಗಲ್ಲು ಮುಟ್ಟುವ ತನಕ ಕಾಕಾ ಎಲೆ ಹಾಕಲಿಲ್ಲ.

ಮಾರನೆಯ ದಿನ ಅವ್ವನ ತಂಗಿಯ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವ್ವ ಅಂಗಳದಲ್ಲಿ ಎಲೆ ನೆನೆಸುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು. ನೀನಿದ್ದಿದ್ದರೆ ನನಗೆ ಇಷ್ಟು ಭಯ ಇರುತ್ತಿರಲಿಲ್ಲ ಎಂದೆ.

"ನಾ ಇದ್ರೂ ಆ ಅಜ್ಜ ನನಗ ಕಾಣ್ತಿದ್ದಿಲ್ಲ," ಎಂದಳು. "ನಾ ನೋಡೋದು ಮ್ಯಾಲಿನ ಗಾಜಿನಾಗ. ದೂರಿಂದು ಕಾಣ್ತೈತಿ. ಬುಡದಾಗ ಮಲಗಿದವರು ಕಾಣಂಗಿಲ್ಲ. ಯಾರೂ ಇಲ್ಲ ಬಾ ಅಂತ ಅಂದ ಬಿಡ್ತಿದ್ದೆ." ಮತ್ತೆ ಎಲೆಯನ್ನು ನೀರಿಗೆ ಹಾಕುತ್ತ, "ನಾಳಿಂದ ನಾ ಇರಲಿ ಬಿಡಲಿ, ಇಳದು ಒಂದ ಸುತ್ತು ಹಾಕಿ ಬಾ," ಎಂದಳು.

ಆ ಮಾತನ್ನು ನಾನು ಡ್ರೈವರ್ ಕೆಲಸ ಬಿಡುವ ತನಕ ನಡೆಸಿದೆ. ಎಷ್ಟು ಅವಸರವಿರಲಿ, ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು. ಸಿಕ್ಕವುಗಳ ಲೆಕ್ಕ ಇಟ್ಟಿಲ್ಲ. ನಾಯಿಮರಿ, ಗೋಲಿ ಆಡುವ ಹುಡುಗರು, ಒಮ್ಮೆ ಒಬ್ಬ ಪೋಲೀಸ ಕೂಡ, ನೆರಳಿಗೆ ಕುಳಿತು ಬೂಟು ಬಿಚ್ಚಿಕೊಳ್ಳುತ್ತಿದ್ದ.

ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗತೊಡಗಿದ ಮೇಲೆ ಉರುಳೆ ಇಳಿಯಿತು, ಕಿಟಕಿಗೆ ಹೊಸ ಗಾಜು ಬಂತು. ಅವತ್ತು ಅವ್ವ ಬುಟ್ಟಿ ಹೊತ್ತು ನೇರವಾಗಿ ಮುಂದಕ್ಕೆ ಬಂದಳು.

"ಇನ್ನ ನಾ ಮುಂದ ಕುಂದರ್ತೇನಿ. ಮೂರು ವರ್ಷ ಹಿಂದ ನೋಡಿ ನೋಡಿ ಕುತ್ತಿಗಿ ಸೊಟ್ಟ ಆಗೇತಿ."

ನನ್ನ ಪಕ್ಕದ ಸೀಟಿನಲ್ಲಿ ಕೂಡಿಸಿದೆ. ಸವಣೂರು ಬಿಟ್ಟು ವೇಗ ಹಿಡಿದೆ. ಎದುರಿನಿಂದ ಒಂದು ಚಕ್ಕಡಿ ಬಂದದ್ದೇ ಅವಳು ಸೀಟಿನ ಅಂಚು ಹಿಡಿದಳು. ಒಂದು ಲಾರಿ ಬಂದಾಗ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದೊಡ್ಡ ಆಲದ ಮರವೊಂದು ತಿರುವಿನಲ್ಲಿ ಎದುರಾದಾಗ ನನ್ನ ತೋಳು ಹಿಡಿದುಕೊಂಡಳು.

"ಯಾಕ ಯವ್ವಾ?"

"ಎಲ್ಲಾ ಮೈಮ್ಯಾಲ ಬರಾಕತ್ತೈತಿ ತಮ್ಮಾ. ಹಿಂದ ಕುಂತಾಗ ಎಲ್ಲಾ ದೂರ ಹೋಗತಿತ್ತು. ನೀ ದಿನಾ ಇದನ್ನ ನೋಡ್ತೀ ಏನು?"

ಶಿಗ್ಗಾಂವದಲ್ಲಿ ಗಾಡಿ ನಿಂತ ಕೂಡಲೇ ಬುಟ್ಟಿ ಎತ್ತಿಕೊಂಡು ಹಿಂದಿನ ಮೂಲೆಗೆ ಹೋದಳು. ಅಲ್ಲಿ ಕುಳಿತಿದ್ದ ರೈತನನ್ನು ಸರಿಸಿ, ಮೊಣಕಾಲು ಮಡಚಿ, ಹೊಸ ಗಾಜಿನ ಕಡೆ ಮುಖ ಮಾಡಿ ಕುಳಿತಳು. ನಾನು ಇಳಿದು ಒಂದು ಸುತ್ತು ಹಾಕಿ ಬಂದೆ. ಈಗ ಹಿಂದಿನದೆಲ್ಲ ನನಗೇ ನಿಚ್ಚಳವಾಗಿ ಕಾಣುತ್ತಿತ್ತು. ಆದರೂ ಅವಳು ಹೇಳುವ ತನಕ ಕಾದೆ.